ಟ್ಯಾನ್ಸಿಯ ಮುಂದೆ ಓಡಿದ ಕಾರು

ನಮ್ಮೂರಿನ ಓಟದ ಮೈದಾನದಲ್ಲಿ ಈಗ ಆಲೂಗಡ್ಡೆ ಬೆಳೆಯುತ್ತಾರೆ. ಮೇನ್ ರಾಜ್ಯದ ಈ ಮೂಲೆಯಲ್ಲಿ ಏನು ಮುಚ್ಚಿದರೂ ಕೊನೆಗೆ ಆಲೂಗಡ್ಡೆಯೇ ಗತಿ. ಮೊದಲು ಅಲ್ಲಿ ಕುದುರೆಗಾಡಿಗಳು ಓಡುತ್ತಿದ್ದವು, ಯುದ್ಧ ಮುಗಿದ ಮೇಲೆ ಕಾರುಗಳೂ ಬಂದವು. ಶನಿವಾರ ನನ್ನ ಗಂಡ ಲೂಸಿಯೆನ್ ಕಾರು ಓಡಿಸಿ ಮಣ್ಣು ಕಿತ್ತುಹಾಕುತ್ತಿದ್ದ. ಭಾನುವಾರ ಬೆಳಿಗ್ಗೆ ನನ್ನಪ್ಪ ಎಲ್ಬ್ರಿಜ್ ಅವನನ್ನು ಬೈಯುತ್ತ ಆ ಗುಂಡಿಗಳನ್ನು ಮುಚ್ಚಿ, ಮಧ್ಯಾಹ್ನ ಕುದುರೆ ಓಡಿಸುತ್ತಿದ್ದ. ನಾನು ಎರಡೂ ದಿನ ಕಾಕಂಬಿ ಹಾಕಿ ಬೇಯಿಸಿದ ಬೀನ್ಸ್ ಕಾಳು ಮಾರುತ್ತಿದ್ದೆ. ಕಾಳಿಗೆ ಪಕ್ಷವಿಲ್ಲ.

ಅಪ್ಪ ನನ್ನ ಗಂಡನ ಜೊತೆ ಮಾತು ಬಿಟ್ಟಿದ್ದ. ಇಬ್ಬರೂ ಒಂದೇ ಮೇಜಿಗೆ ಕೂತು ಉಣ್ಣುತ್ತಿದ್ದರು, ಅದಕ್ಕೇನೂ ಅಡ್ಡಿಯಿರಲಿಲ್ಲ.

"ವಿಯೋಲಾ, ನಿನ್ನ ಗಂಡನಿಗೆ ಹೇಳು, ಉಪ್ಪು ಈ ಕಡೆ ಕೊಡ್ಲಿ."

"ಉಪ್ಪು ಬೇಕಂತೆ ಕಣೋ."

"ಖಾಲಿಯಾಗಿದೆ ಅಂತ ನಿಮ್ಮಪ್ಪನಿಗೆ ಹೇಳು."

ವರ್ಷಗಟ್ಟಲೆ ಇದೇ ಅಂಚೆ ಕೆಲಸ. ನನಗೆ ಸಾಕುಸಾಕಾಗಿ ಹೋಗಿತ್ತು.

ಜಗಳದ ಮೂಲ ಟ್ಯಾನ್ಸಿ, ಅಪ್ಪನ ಹೆಣ್ಣು ಕುದುರೆ. ಗಾಡಿ ಕಟ್ಟಿದ ಕುದುರೆ ತಾಳ ತಪ್ಪದೆ ಹೆಜ್ಜೆ ಹಾಕಿಯೇ ಓಡಬೇಕು. ನಾಗಾಲೋಟಕ್ಕೆ ಬಿದ್ದರೆ ಲಗಾಮು ಜಗ್ಗಿ ಹಿಂದೆ ಸರಿಯಬೇಕು, ಅಲ್ಲಿಗೆ ಓಟದ ಕಥೆ ಮುಗಿಯಿತು. ಟ್ಯಾನ್ಸಿ ಎಲ್ಲೋ ಒಂದು ಎಂಜಿನ್ ತಟ್ಟನೆ ಗುಡುಗಿದರೂ ಹೆಜ್ಜೆ ಕೆಡಿಸಿಕೊಳ್ಳುತ್ತಿತ್ತು. ಲಾಯದ ಪಕ್ಕದಲ್ಲೇ ಕಾರು ರಿಪೇರಿ ಮಾಡಿ ಅಳಿಯ ಅದರ ತಲೆ ಕೆಡಿಸಿದ ಅಂತ ಅಪ್ಪನ ದೂರು. ದೂರು ನಿಜವೇ ಆಗಿತ್ತು.

ಮೈದಾನ ಮಾರಾಟವಾಯಿತು. ಕೊನೆಯ ಭಾನುವಾರ ಅಪ್ಪ ಟ್ಯಾನ್ಸಿಯ ಮೈ ಉಜ್ಜುತ್ತ ನನಗೆ ಹೇಳಿದ: "ಗೆಲ್ಲೋದು ಬೇಡ ಕಣೇ. ಒಂದೇ ಒಂದು ಸಲ ಹೆಜ್ಜೆ ಕೆಡದೆ ಎರಡು ಸುತ್ತು ಮುಗಿಸ್ಲಿ. ಆಮೇಲೆ ಇಲ್ಲಿ ಏನು ಬೇಕಾದ್ರೂ ಬಿತ್ಕೊಳ್ಳಲಿ." ಅಪ್ಪನ ಕಣ್ಣು ಒದ್ದೆಯಾಗಿತ್ತು. ಲಾಯದ ಪಕ್ಕದಲ್ಲಿ ಸ್ಪ್ಯಾನರ್ ಹಿಡಿದು ಕೂತಿದ್ದ ಲೂಸಿಯೆನ್‌ಗೂ ಅದು ಕೇಳಿಸಿತು.

ಕುದುರೆ ಓಟ ಶುರುವಾಗುವುದು ಕಾರಿನ ಹಿಂದೆಯೇ. ಕಾರಿನ ಬೆನ್ನಿಗೆ ರೆಕ್ಕೆಯಂಥ ಅಗಲವಾದ ಗೇಟು. ಕುದುರೆಗಳು ಅದರ ಹಿಂದೆ ಸಾಲಾಗಿ ಬರುತ್ತವೆ, ಗೆರೆ ದಾಟಿದಾಗ ರೆಕ್ಕೆ ಮಡಚಿ ಕಾರು ಪಕ್ಕಕ್ಕೆ ಹೋಗಿಬಿಡುತ್ತದೆ. ನಮ್ಮ ಗೇಟಿನ ಕಾರು ಬೆಕ್ಕಿನ ಹಾಗೆ ಸದ್ದಿಲ್ಲದ್ದು. ಆ ದಿನ ಅದು ಪೂರ್ತಿ ಸದ್ದಿಲ್ಲದೆ ನಿಂತುಬಿಟ್ಟಿತು.

ಗೇಟು ಬಿಚ್ಚಿ ಕಟ್ಟಲು ಸಿಕ್ಕಿದ್ದು ಲೂಸಿಯೆನ್‌ನ ರೇಸಿನ ಕಾರು ಮಾತ್ರ.

"ವಿಯೋಲಾ, ನಿನ್ನ ಗಂಡನಿಗೆ ಹೇಳು," ಅಪ್ಪ ಬಿಳಿಚಿಕೊಂಡಿದ್ದ, "ಇದೊಂದು ದಿನವಾದ್ರೂ ನನ್ನ ಹೊಟ್ಟೆ ಉರಿಸದೆ ಇರ್ಲಿ."

ಲೂಸಿಯೆನ್ ಹೋಗಿ ಕಾರಿನಲ್ಲಿ ಕೂತ.

ಕಾರು ಒಂದೇ ಸಮನೆ ಗುರುಗುಟ್ಟುತ್ತ ಹೊರಟಿತು. ಗೆರೆ ಬಂತು. ರೆಕ್ಕೆ ಮಡಚಿಕೊಂಡಿತು. ಪಕ್ಕಕ್ಕೆ ಹೋಗಬೇಕಾದವನು ಹೋಗಲೇ ಇಲ್ಲ! ಕುದುರೆಗಳ ಮುಂದೆ ಮುಂದೆ, ಸದ್ದು ಏರಿಸದೆ ಇಳಿಸದೆ, ನೆಂಟರ ಮನೆಗೆ ಹೊರಟವನ ಹಾಗೆ ಹೋಗುತ್ತಲೇ ಇದ್ದ. ಮೊದಲ ಸುತ್ತು ಮುಗಿಯಿತು. ತೀರ್ಪುಗಾರರು ಅಟ್ಟಣಿಗೆಯ ಮೇಲಿನಿಂದ ಬಾಯಿಗೆ ಬಂದಂತೆ ಬೈದರು. ನಾನು ಸೌಟು ಹಿಡಿದು ನಿಂತಿದ್ದೆ, ಕಾಳು ತಳ ಹಿಡಿಯಿತು.

ಟ್ಯಾನ್ಸಿ ಆ ಸದ್ದಿಗೇ ತಾಳ ಹಾಕಿಕೊಂಡು ಬಂತು. ಟಕ್ ಟಕ್, ಟಕ್ ಟಕ್. ಎರಡನೆಯ ಸುತ್ತಿನ ಕೊನೆಯವರೆಗೂ ಹೆಜ್ಜೆ ಕೆಡಲಿಲ್ಲ. ಬಾವುಟದವನು ಶನಿವಾರದ ಅಭ್ಯಾಸದಂತೆ ಕಾರಿಗೇ ಬಾವುಟ ಬೀಸಿದ. ನನ್ನಪ್ಪ ಅಳಿಯನ ಹಿಂದೆ ಎರಡನೆಯವನಾಗಿ ಬಂದ.

ಸಮಿತಿಯವರು ಓಟವನ್ನೇ ರದ್ದು ಮಾಡಿದರು. ಇನ್ನೊಮ್ಮೆ ಓಡಿಸೋಣವೆಂದರೆ ಬೇರೆ ಕುದುರೆಗಳು ದಣಿದಿದ್ದವು, ಮರುದಿನದಿಂದ ಮೈದಾನವೂ ನಮ್ಮದಾಗಿರಲಿಲ್ಲ.

"ಪಕ್ಕಕ್ಕೆ ಹೋಗೋದು ಮರ್ತೇಹೋಯ್ತು," ಅಂದ ಲೂಸಿಯೆನ್, ಎಲ್ಲರ ಎದುರು. ಜನ ನಕ್ಕರು. ಅಪ್ಪ ನಗಲಿಲ್ಲ. ಟ್ಯಾನ್ಸಿಯ ಕುತ್ತಿಗೆಯ ಬೆವರು ಒರೆಸುತ್ತ ನನ್ನ ಕಿವಿಯಲ್ಲಿ, "ಮರೆತವನು ಎರಡು ಸುತ್ತೂ ಕನ್ನಡೀಲಿ ನನ್ನ ಕುದುರೆ ಕಾಲೇ ನೋಡ್ತಾ ಇರ್ತಾನಾ?" ಅಂದ.

ರಾತ್ರಿ ಊಟಕ್ಕೆ ತಳ ಹಿಡಿದ ಕಾಳೇ. ಅಪ್ಪ ಒಂದು ಚಮಚ ಬಾಯಿಗಿಟ್ಟು ಮುಖ ಹಿಂಡಿದ. ಉಪ್ಪು ಇದ್ದದ್ದು ನನ್ನ ಕೈಯ ಪಕ್ಕದಲ್ಲಿ. ಲೂಸಿಯೆನ್ ಮೇಜಿನ ಆ ತುದಿಯಲ್ಲಿ.

"ಲೂಸಿಯೆನ್," ಅಂದ ಅಪ್ಪ, "ಉಪ್ಪು ಕೊಡಪ್ಪಾ."

ನಾನು ಉಪ್ಪನ್ನು ನನ್ನ ಗಂಡನ ಕಡೆಗೆ ಜರುಗಿಸಿದೆ.