ಬೆಲ್ಟಿನ ದೀಪ

ಹೋದ ಸಲ ವಿಮಾನ ಗಾಳಿಗೆ ಸಿಕ್ಕಿ ದಡಕ್ಕನೆ ಕುಸಿದಾಗ ಗಗನಸಖಿ ಕಾಫಿ ಹಂಚುತ್ತಿದ್ದಳು. ಛಾವಣಿಗೆ ಬಡಿದು ಬಿದ್ದವಳ ಭುಜದ ಮೇಲೆ ಕಾಫಿ ಬಂಡಿಯೂ ಬಿತ್ತು. ಮೂಳೆ ಕೂಡುವವರೆಗೂ ಅಮ್ಮನೇ ತಲೆ ಬಾಚಿದಳು. ಕಚೇರಿಯವರು ಮಾತ್ರ, "ಬೆಲ್ಟು ಹಾಕ್ಕೊಳ್ಳಿ ಅನ್ನೋ ದೀಪ ಉರೀತಿತ್ತಲ್ಲಮ್ಮ, ನೀನ್ಯಾಕೆ ಕೂರಲಿಲ್ಲ?" ಎಂದು ಗಾಯದ ಮೇಲೆ ಬರೆ ಎಳೆದರು. ಕೂರಬೇಡ, ಹಂಚು ಎಂದವರು ಯಾರೆಂದು ಒಬ್ಬರೂ ಕೇಳಲಿಲ್ಲ.

ಇವತ್ತು ಮತ್ತೆ ಕೆಲಸಕ್ಕೆ ಬಂದಿದ್ದಾಳೆ. ಬೆಲ್ಟಿನ ದೀಪ ಹೊತ್ತಿಕೊಂಡಿತು, ನೆಲ ನಡುಗಿತು. ಅವಳು ಬಂಡಿಯನ್ನು ಗೂಡಿಗೆ ತಳ್ಳಿ ಚಿಲಕ ಹಾಕಿ, ತನ್ನ ಮಡಚು ಸೀಟಿನಲ್ಲಿ ಕೂತು ಬೆಲ್ಟು ಬಿಗಿದಳು.

ಅಂದು ಹಂಚು ಎಂದಿದ್ದ ಮೇಲ್ವಿಚಾರಕಿಯೇ ಇಂದೂ ಓಡಿ ಬಂದಳು. "ಏಳೇ, ಮುಂದಿನ ಸಾಲಿನವರು ಕಾಫಿ ಕೇಳ್ತಿದ್ದಾರೆ. ಇಷ್ಟಕ್ಕೆಲ್ಲ ಹೆದರಿದ್ರೆ ಹೇಗೆ?"

ಜಪ್ಪಯ್ಯ ಅಂದರೂ ಅವಳು ಏಳಲಿಲ್ಲ. ಗೋಡೆಯ ಫೋನು ಎತ್ತಿಕೊಂಡಳು. ಇಡೀ ವಿಮಾನಕ್ಕೆ ಅವಳ ದನಿ ಕೇಳಿಸಿತು: "ದೀಪ ಆರೋವರೆಗೂ ಕಾಫಿ ಇಲ್ಲ. ಅದು ನಿಮಗಷ್ಟೇ ಅಲ್ಲ, ನಮಗೂ ಉರೀತಿದೆ."

ವಿಮಾನ ಜೋರಾಗಿ ಕುಲುಕಿತು. ಮೇಲ್ವಿಚಾರಕಿ ತಡವರಿಸಿ ಪಕ್ಕದ ಸೀಟಿಗೆ ಕುಸಿದಳು.

"ಬೆಲ್ಟು ಬಿಗಿಯಾಗಿ ಹಾಕ್ಕೊಳ್ಳಿ ಅಕ್ಕಾ," ಎಂದಳು ಗಗನಸಖಿ. "ಬಿದ್ರೆ, ಯಾಕೆ ಕೂರಲಿಲ್ಲ ಅಂತ ನಿಮ್ಮನ್ನೇ ಕೇಳ್ತಾರೆ."