ಹಾಲುವಾಣದ ರಾಟೆ

ಮೇಲೂರಿನ ಬಡಗಿ ಕೋನಪ್ಪನಿಗೆ ಮಾತಾಡಬೇಕೆನಿಸಿದರೆ ಮರದ ಜೊತೆಗೇ ಆಡಬೇಕಿತ್ತು. ಹೆಂಡತಿ ತೀರಿಕೊಂಡು ಹನ್ನೊಂದು ವರ್ಷ, ಮಕ್ಕಳಿಲ್ಲ. ಕೈಗೆ ಬೇಕಾದಷ್ಟು ಕೆಲಸವಿತ್ತು, ಬಾಯಿಗೆ ಇರಲಿಲ್ಲ. ಅಂಥವನು ಎಂಬತ್ತಾರನೇ ಇಸವಿಯಲ್ಲಿ ದಿನಾ ಬೆಳಗ್ಗೆ ಅಕ್ಕಯಮ್ಮನ ಮನೆಗೆ ರಾಟೆ ತಿರುಗಿಸಲು ಹೋಗತೊಡಗಿದ.

ಅಕ್ಕಯಮ್ಮ ರೇಷ್ಮೆ ಬಿಚ್ಚಿ ಬದುಕುವ ವಿಧವೆ. ಕುದಿಯುವ ಬಾಣಲೆಯಲ್ಲಿ ಗೂಡು ಹಾಕಿ ಎಳೆ ತೆಗೆಯುವುದು ಒಬ್ಬರ ಕೆಲಸ, ಆ ಎಳೆ ಸುತ್ತಿಕೊಳ್ಳುವ ದೊಡ್ಡ ರಾಟೆ ತಿರುಗಿಸುವುದು ಇನ್ನೊಬ್ಬರದು. ತಿರುಗಿಸುತ್ತಿದ್ದ ಅತ್ತೆ ಸತ್ತಾಗ, ಬೇರೆ ಯಾರಾದರೂ ಸಿಗುವವರೆಗೆ ಎಂದು ಕೋನಪ್ಪ ಬಂದ. ಗೂಡಿನ ನಾತಕ್ಕೆ ಊರೆಲ್ಲ ಮೂಗು ಮುಚ್ಚಿದರೆ ಇವನಿಗೆ ಅದೇ ಹಿತವಾಯಿತು. ಅವಳು ಅರ್ಧ ತೆಲುಗಿನಲ್ಲಿ ಅರ್ಧ ಕನ್ನಡದಲ್ಲಿ ಎಲ್ಲರ ಮನೆ ಸುದ್ದಿ ಹೇಳುವಳು, ಇವನು ಹೂಂಗುಟ್ಟುತ್ತ ತಿರುಗಿಸುವನು. ಮದುವೆ ಗಿದುವೆಯ ಆಸೆಯೇನಲ್ಲ. ಎದುರಿಗೊಬ್ಬರು ಮಾತಾಡುತ್ತಿರಬೇಕು, ಅಷ್ಟೇ.

ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅವಳೇ ಅಂದಳು. “ಎಷ್ಟು ದಿನ ಅಂತ ನಿಮ್ಮ ಕೆಲಸ ಕೆಡಿಸ್ಲಿ ಕೋನಪ್ಪ? ಕಾಲಲ್ಲಿ ತುಳ್ಕೊಂಡು ನಾನೇ ತಿರುಗಿಸೋ ಹಂಗೆ ಒಂದು ಹಗುರ ರಾಟೆ ಮಾಡ್ಕೊಡಿ. ದುಡಿಯೋ ಶಕ್ತಿ ಇರೋವರ್ಗೂ ತಮ್ಮನ ಮನೆ ಹೊಸ್ತಿಲು ತುಳಿಯಲ್ಲ ನಾನು.”

ಹಗುರ ಎಂದರೆ ಹಾಲುವಾಣ. ಮುಳ್ಳಿನ ಮೈ, ಕೆಂಪು ಹೂ, ಒಳಗೆ ಬೆಣ್ಣೆಯಂಥ ಬಿಳಿ ಮರ. ಬಾಗಿಲಿಗೆ ಬಾರದು, ತೊಲೆಗೆ ಬಾರದು, ಜರಡಿಯ ಅಂಚಿಗೂ ಗೊಂಬೆಗೂ ಸರಿ. ಒಣಗಿದ ತುಂಡನ್ನು ಕಿರುಬೆರಳಲ್ಲಿ ಎತ್ತಬಹುದು. ಆದರೆ ಅದು ನೀರು ಕುಡಿಯುವ ಮರ. ಹೊಂಗೆ ಎಣ್ಣೆಯನ್ನು ಮೂರು ಸಲ ಕುಡಿಸಿ ಒಣಗಿಸದಿದ್ದರೆ ಬಾಣಲೆಯ ಹಬೆಯನ್ನೆಲ್ಲ ಹೀರಿಕೊಂಡು ವರ್ಷದೊಳಗೆ ಒನಕೆಯ ಭಾರ ಬಂದೀತು. ಇದು ಅವಳಿಗೆ ಗೊತ್ತಿರಲಿಲ್ಲ. ಕೋನಪ್ಪನಿಗೆ ಗೊತ್ತಿತ್ತು.

ಅಚ್ಚಿಗೆ ಜಾಲಿ, ರೆಕ್ಕೆಗಳಿಗೆ ಹಾಲುವಾಣ. ಇಪ್ಪತ್ತು ದಿನ ಕೂತು ಕೆತ್ತಿದ. ಕೊನೆಗೆ ಎಣ್ಣೆಯ ಡಬ್ಬಿ ಕೈಗೆತ್ತಿಕೊಂಡವನು ಮೇಲುಮೇಲೆ ಒಮ್ಮೆ ಒರೆಸಿ, ಹೊಳಪು ಬರಿಸಿ, ಇಟ್ಟುಬಿಟ್ಟ. ಭಾರವಾದರೆ ಮತ್ತೆ ಕರೆಯುತ್ತಾಳೆ, ಹಾವೂ ಸಾಯದು ಕೋಲೂ ಮುರಿಯದು ಎಂದುಕೊಂಡ. ಕೆಟ್ಟವನಲ್ಲ ಅವನು. ಒಂಟಿ ಮನುಷ್ಯನ ತಲೆ ಎಲ್ಲೆಲ್ಲೋ ಓಡುತ್ತದೆ.

ರಾಟೆ ಮೊದಲ ದಿನ ಬೆರಳು ತಾಕಿದರೆ ತಿರುಗಿತು. ಅಕ್ಕಯಮ್ಮ ಒಬ್ಬಳೇ ಬಿಚ್ಚಿ, ಒಬ್ಬಳೇ ಸುತ್ತಿದಳು. ಕೋನಪ್ಪ ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತು ಮನೆಗೆ ಬಂದ.

ಆಮೇಲೆ ಕಾದ. ಬೇಕೆಂದೇ ಅವಳ ಬೀದಿಯಲ್ಲಿ ಹೋಗುವನು. “ಹೆಂಗಿದೆ ರಾಟೆ?” ಎಂದರೆ “ಹೂವು ಕಣಪ್ಪ” ಎನ್ನುವಳು. ಮಳೆಗಾಲ ಹೋಯಿತು, ಚಳಿ ಹೋಯಿತು, ಮತ್ತೊಂದು ಮಳೆಗಾಲ ಬಂತು. ಒಳಗಿನಿಂದ ರಾಟೆಯ ಸದ್ದು ನಿಧಾನವಾಗುತ್ತ ಬಂದದ್ದು ಇವನ ಕಿವಿಗೆ ಕೇಳಿಸುತ್ತಿತ್ತು. ಇವತ್ತು ಕರೆದಾಳು, ನಾಳೆ ಕರೆದಾಳು. ಅವಳು ಕರೆಯಲಿಲ್ಲ.

ಒಂದು ಬೆಳಗ್ಗೆ ಅವಳು ತಗಡಿನ ಪೆಟ್ಟಿಗೆ ಹಿಡಿದು ಬಸ್ಸಿಗೆ ನಿಂತಿದ್ದಳು. ಕೋನಪ್ಪ ಓಡಿ ಬಂದ.

“ಮುರುಗಮಲ್ಲಕ್ಕೆ, ತಮ್ಮನ ಮನೆಗೆ” ಎಂದಳು. “ಬಾಣಲೆ, ರಾಟೆ ಎಲ್ಲ ಮಾರ್ಬಿಟ್ಟೆ. ಇನ್ನು ಅವನ ಹೆಂಡ್ತಿ ಇಕ್ಕಿದ್ದು ಉಣ್ಣೋದು.”

“ಯಾಕಮ್ಮ?”

“ಕಾಲು ಸೋತೋಯ್ತು. ಮೊದಲು ಎಷ್ಟು ಸಲೀಸಾಗಿ ತುಳೀತಿದ್ದೆ, ಈಗ ಎರಡು ಸುತ್ತಿಗೇ ತೊಡೆ ನಡುಗುತ್ತೆ. ವಯಸ್ಸಾಯ್ತಲ್ಲ.”

ಕೋನಪ್ಪ “ಒಂದು ಮಾತು ಕರೆದಿದ್ರೆ ಬರ್ತಿದ್ನಲ್ಲ” ಎಂದ.

“ಬರ್ತಿದ್ರಿ, ಗೊತ್ತು. ಅಷ್ಟು ಹಗುರದ್ದು ಮಾಡ್ಕೊಟ್ಟೋರಿಗೆ, ಅದನ್ನೂ ತುಳಿಯಕ್ಕಾಗ್ತಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಬಸ್ಸು ಬಂತು. ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟ. ಅವಳು ಕಿಟಕಿಯ ಪಕ್ಕ ಕೂತಳು. ನಡೆದದ್ದನ್ನೆಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದರೆ ಹೊರಟದ್ದು ಅರ್ಧವೇ.

“ನಿಮ್ಮ ಕಾಲಿಗೆ ಏನೂ ಆಗಿಲ್ಲ ಕಣಮ್ಮ.”

ಅಕ್ಕಯಮ್ಮ ನಕ್ಕಳು. “ಸಮಾಧಾನಕ್ಕೆ ಅಂತೀರಿ. ಒಳ್ಳೇರು ನೀವು” ಎಂದಳು. ಬಸ್ಸು ಹೊರಟಿತು.