ಬಾಗಿಲು ಕಳಚಿದ ಕಪಾಟು

೨೦೨೪ರ ಜೂನ್ ೯, ರವಿವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ದೇವರ ಹಿಪ್ಪರಗಿಯ ಶ್ರೀಶೈಲಪ್ಪನವರು ಬಿತ್ತಲು ಹೊರಟು ನಿಂತು ಬೀಜದ ಡಬ್ಬಿ ತೆರೆದರು. ಒಳಗೆ ತೊಗರಿ ಇರಲಿಲ್ಲ, ತೊಗರಿಬೇಳೆ ಇತ್ತು.

ಕಾಳು ಕಾಳಾಗಿ ಆರಿಸಿಟ್ಟ ಎಂಟು ಕಿಲೊ ಬೀಜ. ಸೊಸೆ ಸುನಂದಾ ಮುನ್ನಾದಿನ ಅದನ್ನೇ ಗಿರಣಿಗೆ ಒಯ್ದು ಒಡೆಸಿಕೊಂಡು ಬಂದಿದ್ದಳು. ಕಪಾಟಿನೊಳಗೆ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದು ಅಡುಗೆಗೆ, ಒಂದು ಬಿತ್ತಲಿಕ್ಕೆ.

"ಬ್ಯಾಳಿ ಬಿತ್ತಿದ್ರ ಹುಟ್ಟತೈತೇನವಾ?" ಎಂದರು ಮಾವ.

ಅತ್ತೆ ಶಂಕ್ರೆವ್ವ ಸುಮ್ಮನಿರಲಿಲ್ಲ. "ಮೊನ್ನಿ ನನ್ನ ಬಿಪಿ ಗುಳಿಗಿ ಕಳದ್ಲು. ಗ್ಯಾಸಿನ ಪುಸ್ತಕ ಹಿಟ್ಟಿನ ಡಬ್ಬ್ಯಾಗ ಸಿಕ್ತು. ನಾಳಿ ನನ್ನೂ ಎಲ್ಲೆರ ಇಟ್ಟು ಮರ್ತಾಳು! ಬಿತ್ತಿಗಿ ಮುಗೀಲಿ, ಲಚ್ಯಾಣಕ್ಕ ತವರಮನಿಗೆ ಕಳಸ್ರಿ. ಮನಿ ನಡಸೂದು ಕಲತು ಬರ್ಲಿ."

ಗಂಡ ಅನೀಲಕುಮಾರ ಬೇರೆ ಬೀಜ ತರಲು ಅಂಗಡಿಗೆ ಹೊರಟ.

ಹದಿಮೂರು ವರ್ಷ ಪ್ರತಿ ಅಮಾವಾಸ್ಯೆಗೆ ಮನೆಯನ್ನೆಲ್ಲ ಝಾಡಿಸಿ ಒಪ್ಪ ಮಾಡಿದವಳು ಸುನಂದಾಳೇ. ನಾಲ್ಕೇ ದಿನಕ್ಕೆ ಮತ್ತೆ ಅದೇ ಗೋಳು. ಯಾಕೆಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಮರುದಿನ ಅತ್ತೆಯ ಬಿಪಿ ನೋಡಲು ಬಂದ ಆರೋಗ್ಯಾಧಿಕಾರಿ ಕಾವೇರಿ ಬೀಜದ ಕಥೆ ಕೇಳಿ ನಗಲಿಲ್ಲ, ಸುನಂದಾಳತ್ತ ತಿರುಗಿದಳು. "ಸಾಲ್ಯಾಗೂ ಹಿಂಗ ಇತ್ತೇನಕ್ಕಾ?"

"ಹೌದ್ರಿ. ಪಾಟಿ ದಿನಾ ಮರೀತಿದ್ದೆ. ಒಂದ ಕೆಲಸ ಹಿಡದ್ರ ನಡುವ ಇನ್ನೊಂದು ಕರೀತಿತ್ತು. ಮಾಸ್ತರು ನನಗ ಗಾಳ್ಯಾಗಿನ ಸೊಪ್ಪಿ, ಒಂದ ಕಡೆ ನಿಲ್ಲೂದಿಲ್ಲ ಅಂತಿದ್ರು."

"ಇದು ಎಡಿಎಚ್‌ಡಿ ಇರಬಹುದು ಅನಸತೈತಿ. ಖಾತ್ರಿ ಮಾಡೂದು ಡಾಕ್ಟರ ಕೆಲಸ. ಇಂಥವರ ಮೆದುಳು ಗಮನಾ ಹಿಡಿಯೂ ರೀತಿನ ಬ್ಯಾರೆ. ಸಣ್ಣಂದಿನಿಂದ ಇರತೈತಿ. ಮೈಗಳ್ಳತನ ಅಲ್ಲ, ಹುಚ್ಚೂ ಅಲ್ಲ."

"ನಮ್ಮ ಕಾಲದಾಗ ಇಂಥಾ ಜಡ್ಡ ಇರಲಿಲ್ಲ ಬಿಡು," ಎಂದಳು ಶಂಕ್ರೆವ್ವ.

"ಇತ್ರಿ ಆಯಿ. ಹೆಸರಿರಲಿಲ್ಲ, ಬೈಗಳ ಇತ್ತು."

ಸುನಂದಾ ಎದ್ದು ನಿಂತಳು. "ಅತ್ತಿ, ಬೀಜ ಹೋಗಿದ್ದು ನನ್ನ ತಪ್ಪು, ಒಪ್ಪತೇನಿ. ಆದ್ರ ಲಚ್ಯಾಣಕ್ಕ ನಾ ಹೋಗೂದಿಲ್ಲ. ದವಾಖಾನಿಗೆ ಹೋಗ್ತೇನಿ, ಇದ ಮನಿಗೆ ತಿರುಗಿ ಬರ್ತೇನಿ."

ಮನೋವೈದ್ಯರು ತಾಲೂಕು ಆಸ್ಪತ್ರೆಗೆ ಬರುವ ದಿನ ಅವಳು ಹೋದಳು. ಅವರು ಬಾಲ್ಯದಿಂದ ಎಲ್ಲವನ್ನೂ ವಿಚಾರಿಸಿ, ಎಡಿಎಚ್‌ಡಿಯೇ ಎಂದರು. ಔಷಧಿ ಬರೆದುಕೊಟ್ಟರು. ಜೊತೆಗೊಂದು ಮಾತು ಹೇಳಿದರು: "ಕಣ್ಣಿಗೆ ಕಾಣದ ವಸ್ತು ನಿಮ್ಮ ನೆನಪಿಗೆ ಸುಲಭವಾಗಿ ಬರುವುದಿಲ್ಲ. ನಿಮ್ಮನ್ನು ಮನೆಗೆ ಹೊಂದಿಸುವ ಬದಲು ಮನೆಯನ್ನು ನಿಮಗೆ ಹೊಂದಿಸಿಕೊಳ್ಳಿ."

ಮನೆಗೆ ಬಂದವಳೇ ಸ್ಕ್ರೂಡ್ರೈವರ್ ಹಿಡಿದು ಕಪಾಟಿನ ಬಾಗಿಲು ಕಳಚತೊಡಗಿದಳು.

"ಏನ ಮಾಡಾಕತ್ತಿ? ಬಂದವರಿಗೆ ಬ್ಯಾಳಿ, ಬೆಲ್ಲಾ ಎಲ್ಲಾ ಕಾಣತೈತಿ!"

"ಕಾಣ್ಲಿ ಅತ್ತಿ. ನನಗೂ ಕಾಣಬೇಕಲ್ಲ?" ಆಮೇಲೆ ಎದುರಿನ ಹಲಗೆಯತ್ತ ಕೈ ತೋರಿದಳು. ಮದುವೆಯಲ್ಲಿ ಬಂದ, ಹೆಸರು ಕೊರೆಸಿದ ಭಾಂಡೆಗಳು ಅಲ್ಲಿ ಸಾಲಾಗಿ ಹೊಳೆಯುತ್ತಿದ್ದವು. "ಹದಿಮೂರು ವರ್ಷದಾಗ ಒಮ್ಮಿನೂ ಒಲಿ ಕಾಣದ ಭಾಂಡೆ ಎದುರಿಗೆ. ದಿನಾ ಬೇಕಾದ್ದು ಬಾಗಲದ ಹಿಂದ. ಇದ್ಯಾವ ನ್ಯಾಯ?"

ಭಾಂಡೆಗಳು ಅಟ್ಟ ಹತ್ತಿದವು. ಅನೀಲಕುಮಾರನೂ ಒಂದು ಕೈ ಹಚ್ಚಿದ. ಬೇಳೆಕಾಳು ಪಾರದರ್ಶಕ ಡಬ್ಬಿಗೆ ಬಂದವು, ಮೇಲೆ ದಪ್ಪಕ್ಷರದ ಚೀಟಿ. ಚಹಾ ಯಾರೂ ಮರೆಯುವುದಿಲ್ಲವಲ್ಲ, ಅತ್ತೆಯ ಗುಳಿಗೆ ಚಹಾಪುಡಿಯ ಪಕ್ಕಕ್ಕೆ ಬಂತು. ಕೀಲಿಗೆ ಬಾಗಿಲ ಬಳಿ ಒಂದು ಮೊಳೆ. ಬಿತ್ತುವ ಬೀಜ ಮಾತ್ರ ಅಡುಗೆಮನೆಯಿಂದಲೇ ಹೊರಗೆ, ಮಾವನ ಮಂಚದ ಬಳಿ ಕೆಂಪು ಬಣ್ಣದ ಡಬ್ಬಿಯಲ್ಲಿ. ಇಡೀ ಮನೆಯನ್ನು ಒಂದೇ ದಿನ ಝಾಡಿಸುವ ಹಟ ಬಿಟ್ಟಳು. ಮೊಬೈಲಿನಲ್ಲಿ ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು, ದಿನಕ್ಕೆ ಒಂದು ಮೂಲೆ ಮಾತ್ರ.

ಹಾಲು ಈಗಲೂ ಆಗಾಗ ಉಕ್ಕುತ್ತದೆ. ಒಲೆ ಒರೆಸುತ್ತಾಳೆ, ಅಳುವುದಿಲ್ಲ.

ಒಂದು ದಿನ ನೆರೆಮನೆಯ ಶೇವಂತೆವ್ವ ಒಳಗೆ ಇಣುಕಿ ನಕ್ಕಳು. "ಏನ ಶಂಕ್ರೆವ್ವಾ, ಕಿರಾಣಿ ಅಂಗಡಿ ತಗದೀರೇನು?"

ಶಂಕ್ರೆವ್ವ ತಾನೇ ಗುಳಿಗೆ ತೆಗೆದುಕೊಂಡು ನುಂಗುತ್ತಿದ್ದಳು. ನೀರು ಕುಡಿದು ಹೇಳಿದಳು: "ಹೂಂ ಮತ್ತ! ಅಂಗಡ್ಯಾಗ ಕೇಳಿದ್ದು ಕೈಗೆ ಸಿಗತೈತಿ. ನಿಮ್ಮನ್ಯಾಗ ಸಿಗತೈತೇನು?"

ಶ್ರೀಶೈಲಪ್ಪನವರು ಮೀಸೆಯೊಳಗೆ ನಕ್ಕರು. "ಸುನಂದಾ, ಲಚ್ಯಾಣಕ್ಕ ನಾಗರ ಪಂಚಮಿಗಿ ಹೋಗವಾ, ಉಂಡಿ ತಿನ್ನಾಕ. ನಾಕ ದಿನಕ್ಕ ಬಂದಬಿಡು. ನೀ ಇಲ್ಲಂದ್ರ ಮನಿ ನಡಿಯೂದಿಲ್ಲ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲಿ ಚಿಕ್ಕಂದಿನಿಂದಲೂ ಮರೆಯುವ, ಕೆಲಸ ಅರ್ಧಕ್ಕೆ ಬಿಡುವ ಯಾರಾದರೂ ಇದ್ದರೆ ಬೈಯುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ದಾರಿ ತಿಳಿಯದಿದ್ದರೆ ಟೆಲಿಮಾನಸ್ ಸಹಾಯವಾಣಿ ೧೪೪೧೬ಕ್ಕೆ ಫೋನ್ ಮಾಡಿರಿ. ಆ ವ್ಯಕ್ತಿ ನೀವೇ ಆಗಿದ್ದರೆ ನಾಚಬೇಡಿ, ತಲೆ ತಗ್ಗಿಸಬೇಡಿ. ಮನೆ ಇರುವುದು ನಿಮಗಾಗಿ, ನೋಡಲು ಬರುವವರಿಗಾಗಿ ಅಲ್ಲ.

ಅಂದಹಾಗೆ, ಆ ಮನೋವೈದ್ಯರು ಹೇಳಿದಂತೆ ಸುನಂದಾ ವಸ್ತು ಹುಡುಕುವುದಕ್ಕೆ ಕಳೆಯುವ ಸಮಯವನ್ನು ಗಡಿಯಾರ ನೋಡಿ ಬರೆದಿಟ್ಟಳು. ಕಪಾಟಿನ ಬಾಗಿಲು ಕಳಚಿದ ಮೊದಲ ವಾರ ದಿನಕ್ಕೆ ಎಪ್ಪತ್ತೆರಡು ನಿಮಿಷ. ಎಂಟನೆಯ ವಾರ ಒಂಬತ್ತು ನಿಮಿಷ.